ಡಬ್ಬಿಯ ಹಿಂದೆ 'ಪಾಲಿಯೋಲ್' ಅಂತ ಇದ್ದರೆ: ಶುಗರ್ ಫ್ರೀ ತಿಂಡಿ ಕೊಳ್ಳುವ ಮುಂಚೆ

ಡಯಾಬಿಟಿಸ್ ಇರುವವರ ಮನೆಗೆ ಹೋಗುವಾಗ ಈಗ ಮೈಸೂರು ಕಡೆ ಬಾಳೆಹಣ್ಣಿನ ಜೊತೆ ಒಂದು ಶುಗರ್ ಫ್ರೀ ಡಬ್ಬಿಯೂ ಬ್ಯಾಗಿಗೆ ಬೀಳುತ್ತದೆ. ಬಿಸ್ಕತ್ತೋ, ಚಾಕೊಲೇಟೋ, ಬರ್ಫಿಯೋ, ಕೆಲವು ಸಲ ಮೈಸೂರು ಪಾಕೇ. ಕೊಡುವವರಿಗೂ ಸಮಾಧಾನ, ತಿನ್ನುವವರಿಗೂ ಸಮಾಧಾನ. ಡಬ್ಬಿಯ ಮುಂದೆ ದೊಡ್ಡದಾಗಿ ಬರೆದದ್ದನ್ನು ಎಲ್ಲರೂ ಓದುತ್ತಾರೆ. ಹಿಂದೆ ಸಣ್ಣ ಅಕ್ಷರದಲ್ಲಿ 'ಪಾಲಿಯೋಲ್ಸ್' ಅಂತ ಒಂದು ಸಾಲು, ಅದರ ಮುಂದೆ ಇಷ್ಟು ಗ್ರಾಂ ಅಂತ ಒಂದು ಅಂಕಿ ಇರುತ್ತದೆ. ಅದನ್ನು ಓದುವವರು ಕಮ್ಮಿ. ಓದಿದರೂ ಏನು ಅಂತ ಗೊತ್ತಾಗುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ಪಾಲಿಯೋಲ್ ಹಾಕಿದ ತಿಂಡಿಯನ್ನು ತಿನ್ನಬಹುದು. ಆದರೆ ಯಾವ ಪಾಲಿಯೋಲ್, ಎಷ್ಟು ಗ್ರಾಂ, ಜೊತೆಗೆ ಇನ್ನೇನಿದೆ ಅಂತ ನೋಡದೆ, ಡಬ್ಬಿಯ ಮುಂದಿರುವ 'ಶುಗರ್ ಫ್ರೀ' ಅನ್ನುವ ಎರಡು ಪದ ನಂಬಿ ನಾಲ್ಕು ಪೀಸು ಬಾಯಿಗೆ ಹಾಕಿಕೊಳ್ಳಬೇಡಿ. ಹೇಗೆ ನೋಡಬೇಕು ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು, ಇದು ಯಾವ ಆಲ್ಕೋಹಾಲ್ ಅಂತ ತಿಳಿದುಕೊಳ್ಳಿ

ಪಾಲಿಯೋಲ್‌ಗೆ 'ಶುಗರ್ ಆಲ್ಕೋಹಾಲ್' ಅಂತಲೂ ಹೆಸರಿದೆ. ಈ ಹೆಸರು ಕೇಳಿದ ಕೂಡಲೇ ಮನೆಯ ಹಿರಿಯರು ಡಬ್ಬಿ ಕೆಳಗಿಡುತ್ತಾರೆ. ಹೆದರುವ ಅಗತ್ಯವಿಲ್ಲ. ಮದ್ಯದಲ್ಲಿ ಇದ್ದು ಅಮಲು ಏರಿಸುವ ಆಲ್ಕೋಹಾಲ್ ಬೇರೆ, ಅದು ಎಥನಾಲ್. ಮಂಡ್ಯದ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು: ಕಬ್ಬು ಅರೆದು ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುಳಿಹಾಕಿ ಬಟ್ಟಿ ಇಳಿಸಿದರೆ ಬರುವುದು ಅದೇ.

ರಸಾಯನ ವಿಜ್ಞಾನದಲ್ಲಿ ಆಲ್ಕೋಹಾಲ್ ಅನ್ನುವುದು ದೊಡ್ಡ ಕುಟುಂಬ. ಇಂಗಾಲದ ಪರಮಾಣುವಿಗೆ ಒಂದು ಆಕ್ಸಿಜನ್, ಆ ಆಕ್ಸಿಜನ್‌ಗೆ ಒಂದು ಹೈಡ್ರೋಜನ್ ಅಂಟಿಕೊಂಡಿರುವ ಗುಂಪು ಇದ್ದರೆ ಅದು ಆಲ್ಕೋಹಾಲ್. ಆ ಗುಂಪಿಗೆ ಹೈಡ್ರಾಕ್ಸಿಲ್ ಅಂತ ಹೆಸರು. ಎಥನಾಲ್‌ನಲ್ಲಿ ಇಂಥ ಗುಂಪು ಒಂದೇ. ಎಥಿಲೀನ್ ಗ್ಲೈಕಾಲ್‌ನಲ್ಲಿ 2. ಗ್ಲಿಸರಿನ್‌ನಲ್ಲಿ 3. ಎರಿಥ್ರಿಟಾಲ್‌ನಲ್ಲಿ 4, ಜೈಲಿಟಾಲ್‌ನಲ್ಲಿ 5, ಸಾರ್ಬಿಟಾಲ್ ಮತ್ತು ಮ್ಯಾನಿಟಾಲ್‌ನಲ್ಲಿ 6, ಮಾಲ್ಟಿಟಾಲ್‌ನಲ್ಲಿ 9. ಹೀಗೆ ಒಂದಕ್ಕಿಂತ ಜಾಸ್ತಿ ಹೈಡ್ರಾಕ್ಸಿಲ್ ಗುಂಪು ಇರುವ ಆಲ್ಕೋಹಾಲ್‌ಗಳನ್ನೆಲ್ಲ ಒಟ್ಟಿಗೆ ಪಾಲಿಯೋಲ್ ಅನ್ನುತ್ತಾರೆ. ತಿಂಡಿಯ ಡಬ್ಬಿಯ ಮೇಲೆ ಈ ಪದ ಬಂದರೆ ಅರ್ಥ ಇನ್ನೂ ಚಿಕ್ಕದು: ಸಕ್ಕರೆಯ ಜಾಗದಲ್ಲಿ ಹಾಕುವ ಸಿಹಿ ಪಾಲಿಯೋಲ್‌ಗಳು ಮಾತ್ರ.

ಇವನ್ನು ತಿಂದರೆ ಅಮಲು ಬರುವುದಿಲ್ಲ. ವ್ರತ ಹಿಡಿದವರು, ಮದ್ಯ ಮುಟ್ಟದವರು ಯಾರೂ ಈ ಕಾರಣಕ್ಕೆ ಬಿಡಬೇಕಾಗಿಲ್ಲ.

ಹೊಸದೂ ಅಲ್ಲ. ಫ್ರಾನ್ಸಿನ ಬುಸಾಂಗೋ ಅನ್ನುವ ವಿಜ್ಞಾನಿ 1872ರಲ್ಲೇ ಒಂದು ಕಾಡುಹಣ್ಣಿನ ರಸದಿಂದ ಸಾರ್ಬಿಟಾಲ್ ಬೇರ್ಪಡಿಸಿದ್ದ. ಸೇಬು, ಮರಸೇಬು, ಪ್ಲಮ್ ಹಣ್ಣುಗಳಲ್ಲಿ ಅದು ತಾನಾಗಿಯೇ ಇದೆ. ಹೂಕೋಸು, ಅಣಬೆಗಳಲ್ಲಿ ಮ್ಯಾನಿಟಾಲ್ ಇದೆ. ಕಾರ್ಖಾನೆಯಲ್ಲಿ ಮಾಡುವಾಗ ಗ್ಲೂಕೋಸ್ ದ್ರಾವಣಕ್ಕೆ ಒತ್ತಡದಲ್ಲಿ ಹೈಡ್ರೋಜನ್ ಹಾಯಿಸುತ್ತಾರೆ, ನಿಕ್ಕಲ್ ಲೋಹ ಆ ಕ್ರಿಯೆಯನ್ನು ಚುರುಕು ಮಾಡುತ್ತದೆ. ಗ್ಲೂಕೋಸ್‌ನ ಒಂದು ತುದಿ ಬದಲಾಗಿ ಸಾರ್ಬಿಟಾಲ್ ಆಗುತ್ತದೆ. ಎರಿಥ್ರಿಟಾಲ್ ಮಾತ್ರ ಬೇರೆ ದಾರಿ: ಗ್ಲೂಕೋಸ್ ಅನ್ನು ಯೀಸ್ಟ್ ಜಾತಿಯ ಸೂಕ್ಷ್ಮಜೀವಿಗೆ ತಿನ್ನಿಸಿ ಹುಳಿಸುತ್ತಾರೆ.

ಡಬ್ಬಿ ತಿರುಗಿಸಿ, ಹೆಸರು ಹಿಡಿಯಿರಿ

ಇದಕ್ಕೆ ಒಂದು ಸುಲಭ ಗುರುತು ಇದೆ. ಸಕ್ಕರೆ ಜಾತಿಯ ಹೆಸರುಗಳು 'ಓಸ್' ಅಂತ ಮುಗಿಯುತ್ತವೆ, ಅವುಗಳಿಂದ ಮಾಡಿದ ಪಾಲಿಯೋಲ್‌ಗಳು 'ಇಟಾಲ್' ಅಂತ ಮುಗಿಯುತ್ತವೆ. ಮಾಲ್ಟೋಸ್‌ನಿಂದ ಮಾಲ್ಟಿಟಾಲ್. ಲ್ಯಾಕ್ಟೋಸ್‌ನಿಂದ ಲ್ಯಾಕ್ಟಿಟಾಲ್. ಜೈಲೋಸ್‌ನಿಂದ ಜೈಲಿಟಾಲ್. (ಇಂಗ್ಲಿಷಿನಲ್ಲಿ ಇದು ಎಕ್ಸ್ ಅಕ್ಷರದಿಂದ ಶುರುವಾಗುತ್ತದೆ, ಹುಡುಕುವಾಗ ನೆನಪಿರಲಿ.) ಐಸೊಮಾಲ್ಟ್ ಒಂದು ಈ ಸಾಲಿಗೆ ಬರದ ಹೆಸರು, ಆದರೆ ಅದೂ ಪಾಲಿಯೋಲೇ.

ಕೆಲವು ಕಂಪನಿಗಳು ಹೆಸರು ಬರೆಯದೆ ನಂಬರ್ ಬರೆಯುತ್ತವೆ. ಸಾರ್ಬಿಟಾಲ್ 420, ಮ್ಯಾನಿಟಾಲ್ 421, ಗ್ಲಿಸರಿನ್ 422, ಐಸೊಮಾಲ್ಟ್ 953, ಮಾಲ್ಟಿಟಾಲ್ 965, ಲ್ಯಾಕ್ಟಿಟಾಲ್ 966, ಜೈಲಿಟಾಲ್ 967, ಎರಿಥ್ರಿಟಾಲ್ 968. ಇದನ್ನು ಫೋನಿನಲ್ಲಿ ಒಂದು ಫೋಟೋ ತೆಗೆದು ಇಟ್ಟುಕೊಂಡರೆ ಅಂಗಡಿಯಲ್ಲಿ ನಿಂತಾಗ ಕೆಲಸಕ್ಕೆ ಬರುತ್ತದೆ. ಅದೇ ಪಟ್ಟಿಯಲ್ಲಿ 951 ಅಂದರೆ ಆಸ್ಪರ್ಟೇಮ್, 955 ಅಂದರೆ ಸುಕ್ರಲೋಸ್, 960 ಅಂದರೆ ಸ್ಟೀವಿಯಾ. ಇವು ಪಾಲಿಯೋಲ್ ಅಲ್ಲ. ಚಿಟಿಕೆಯಲ್ಲೇ ಸಿಹಿ ಕೊಡುವಂಥವು, ತಿಂಡಿಗೆ ಗಾತ್ರ ಕೊಡಲಾರವು. ಆದ್ದರಿಂದಲೇ ಬಹಳ ಸಲ ಇವೆರಡನ್ನೂ ಬೆರೆಸಿ ಹಾಕುತ್ತಾರೆ: ಗಾತ್ರಕ್ಕೆ ಪಾಲಿಯೋಲ್, ಉಳಿದ ಸಿಹಿಗೆ ಸುಕ್ರಲೋಸ್. ಸ್ಟೀವಿಯಾ ಪುಡಿ ಅಂತ ಮಾರುವ ಎಷ್ಟೋ ಪ್ಯಾಕೆಟ್‌ಗಳಲ್ಲಿ ತೂಕದ ಹೆಚ್ಚಿನ ಪಾಲು ಎರಿಥ್ರಿಟಾಲೇ ಇರುತ್ತದೆ. ತಿರುಗಿಸಿ ನೋಡಿ.

'ಆಲ್' ಅಂತ ಮುಗಿದದ್ದೆಲ್ಲ ಪಾಲಿಯೋಲ್ ಅಲ್ಲ, ಅದೂ ಗೊತ್ತಿರಲಿ. ಕೊಲೆಸ್ಟರಾಲ್, ಮೆಂಥಾಲ್, ನಮ್ಮ ಶ್ರೀಗಂಧದ ಎಣ್ಣೆಗೆ ಆ ಪರಿಮಳ ಕೊಡುವ ಸ್ಯಾಂಟಲಾಲ್ ಇವೆಲ್ಲ ಆಲ್ಕೋಹಾಲ್‌ಗಳೇ, ಆದರೆ ಹೈಡ್ರಾಕ್ಸಿಲ್ ಗುಂಪು ಒಂದೊಂದೇ. ಕೈಗೆ ಹಚ್ಚುವ ಕ್ರೀಮಿನಲ್ಲಿ ಬರುವ ಸೀಟೈಲ್ ಆಲ್ಕೋಹಾಲ್ ಕೂಡ ಹಾಗೇ.

ಇಲ್ಲಿ ಒಂದು ಹೆಸರಿನಲ್ಲಿ ಮಾತ್ರ ಜೋಪಾನ. ಮಾಲ್ಟಿಟಾಲ್ ಬೇರೆ, ಮಾಲ್ಟೋಡೆಕ್ಸ್ಟ್ರಿನ್ ಬೇರೆ. ಎರಡನೆಯದು ಪಿಷ್ಟವನ್ನು ಒಡೆದು ಮಾಡಿದ ಪುಡಿ. ಬಾಯಿಗೆ ಅಷ್ಟೇನೂ ಸಿಹಿ ಅನ್ನಿಸುವುದಿಲ್ಲ, ಆದರೆ ರಕ್ತದ ಸಕ್ಕರೆಯನ್ನು ಹೆಚ್ಚುಕಮ್ಮಿ ಗ್ಲೂಕೋಸ್‌ನಷ್ಟೇ ಬೇಗ ಏರಿಸುತ್ತದೆ. ಶುಗರ್ ಫ್ರೀ ಅನ್ನುವ ಎಷ್ಟೋ ಪುಡಿಗಳಲ್ಲಿ ಇದು ಇರುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ತೂಕ ಜಾಸ್ತಿ ಇರುವುದೇ ಮೊದಲು ಬರಬೇಕು ಅನ್ನುವುದು ನಿಯಮ. ಮಾಲ್ಟೋಡೆಕ್ಸ್ಟ್ರಿನ್ ಮೊದಲ ಎರಡು ಮೂರು ಹೆಸರಿನಲ್ಲಿ ಬಂದರೆ ಡಬ್ಬಿಯನ್ನು ಮತ್ತೆ ಶೆಲ್ಫಿಗೇ ಇಡಿ.

ಡಬ್ಬಿಯ ಮುಂದಿರುವ ಮಾತನ್ನು ತೂಗಿ ನೋಡಿ

'ಶುಗರ್ ಫ್ರೀ' ಅಂತ ಬರೆಯಬೇಕಾದರೆ 100 ಗ್ರಾಂ ತಿಂಡಿಯಲ್ಲಿ ಸಕ್ಕರೆ ಅರ್ಧ ಗ್ರಾಂ ಮೀರಬಾರದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ ಇದೆ. ಈ ಲೆಕ್ಕಕ್ಕೆ ಪಾಲಿಯೋಲ್ ಸೇರುವುದಿಲ್ಲ. ಮೈದಾ, ಅಕ್ಕಿಹಿಟ್ಟು, ಕಡಲೆಹಿಟ್ಟಿನ ಪಿಷ್ಟವೂ ಸೇರುವುದಿಲ್ಲ.

'ಸಕ್ಕರೆ ಸೇರಿಸಿಲ್ಲ' ಅನ್ನುವುದು ಇನ್ನೂ ಬೇರೆ ಮಾತು. ಹೊರಗಿನಿಂದ ಹಾಕಿಲ್ಲ ಅಂತ ಅಷ್ಟೇ. ಖರ್ಜೂರ, ಒಣದ್ರಾಕ್ಷಿ, ಹಾಲಿನಲ್ಲಿ ಇರುವ ಸಕ್ಕರೆ ಅಲ್ಲೇ ಇರುತ್ತದೆ.

ಈಗ ಗ್ರಾಂ ಲೆಕ್ಕ

ಇದೇ ಮುಖ್ಯವಾದದ್ದು, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮಾಲ್ಟಿಟಾಲ್ ಹಾಕಿ ಮಾಡಿದ ಒಂದು ತುಪ್ಪದ ಸಿಹಿಯ ಡಬ್ಬಿ ತೆಗೆದುಕೊಳ್ಳೋಣ. 100 ಗ್ರಾಂಗೆ ಕಾರ್ಬೋಹೈಡ್ರೇಟ್ 50 ಗ್ರಾಂ, ಅದರಲ್ಲಿ ಪಾಲಿಯೋಲ್ 34 ಗ್ರಾಂ, ಕೊಬ್ಬು 32 ಗ್ರಾಂ ಅಂತ ಬರೆದಿದೆ ಅಂದುಕೊಳ್ಳಿ. ಒಂದು ಪೀಸು 25 ಗ್ರಾಂ ತೂಗುತ್ತದೆ.

ಒಂದು ಪೀಸಿಗೆ ಎಲ್ಲವನ್ನೂ ನಾಲ್ಕರಿಂದ ಭಾಗಿಸಿ. ಪಾಲಿಯೋಲ್ 8.5 ಗ್ರಾಂ. ಹಿಟ್ಟಿನಿಂದ, ಹಾಲಿನಿಂದ ಬಂದ ಬೇರೆ ಕಾರ್ಬೋಹೈಡ್ರೇಟ್ 4 ಗ್ರಾಂ. ಕೊಬ್ಬು 8 ಗ್ರಾಂ.

ಮಾಲ್ಟಿಟಾಲ್ ಗ್ರಾಂಗೆ ಸುಮಾರು 2.1 ಕ್ಯಾಲರಿ. ಹಾಗಾದರೆ 8.5 ಗ್ರಾಂಗೆ 18 ಕ್ಯಾಲರಿ ಆಯಿತು. ಅದೇ ಜಾಗದಲ್ಲಿ ಸಕ್ಕರೆ ಇದ್ದಿದ್ದರೆ ಗ್ರಾಂಗೆ 4ರಂತೆ 34 ಕ್ಯಾಲರಿ. ಉಳಿದದ್ದು 16. ಈ ಕಡೆ 8 ಗ್ರಾಂ ತುಪ್ಪಕ್ಕೆ ಗ್ರಾಂಗೆ 9ರಂತೆ 72 ಕ್ಯಾಲರಿ ಹಾಗೇ ಕೂತಿದೆ. ತೂಕ ಇಳಿಸಬೇಕು ಅಂತ ಶುಗರ್ ಫ್ರೀ ಮೈಸೂರು ಪಾಕ್ ತಿನ್ನುವವರು ಈ ಎರಡು ಅಂಕಿಗಳನ್ನು ಒಂದು ಸಲ ಅಕ್ಕಪಕ್ಕ ಇಟ್ಟು ನೋಡಬೇಕು, ಅಲ್ವಾ?

ರಕ್ತದ ಸಕ್ಕರೆಯ ಲೆಕ್ಕ ಬೇರೆ. ಪಾಲಿಯೋಲ್‌ನ ಗ್ರಾಂನಲ್ಲಿ ಅರ್ಧವನ್ನು ಕಾರ್ಬೋಹೈಡ್ರೇಟ್ ಅಂತ ಎಣಿಸಿ ಅನ್ನುವುದು ಡಯಾಬಿಟಿಸ್ ಆಹಾರ ಸಲಹೆಯಲ್ಲಿ ಬಳಕೆಯಲ್ಲಿರುವ ಸ್ಥೂಲ ಲೆಕ್ಕ. ನಮ್ಮ ಪೀಸಿಗೆ 8.5ರ ಅರ್ಧ 4 ಚಿಲ್ಲರೆ, ಜೊತೆಗೆ ಹಿಟ್ಟಿನ 4, ಒಟ್ಟು 8 ಗ್ರಾಂ. ಒಂದು ಪೀಸು ತಿಂದರೆ ಪರವಾಗಿಲ್ಲ. ಮೂರು ತಿಂದರೆ 25 ಗ್ರಾಂ ಹತ್ತಿರ ಹೋಯಿತು. ಅದನ್ನು ಊಟದ ಲೆಕ್ಕದಲ್ಲಿ ಸೇರಿಸಲೇಬೇಕು. ಎರಿಥ್ರಿಟಾಲ್ ಒಂದನ್ನು ಮಾತ್ರ ಈ ಲೆಕ್ಕದಿಂದ ಪೂರ್ತಿ ಕಳೆಯಬಹುದು. ಇನ್ಸುಲಿನ್ ತೆಗೆದುಕೊಳ್ಳುವವರು ಡೋಸ್ ಬದಲಿಸುವ ಮುಂಚೆ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ.

ಯಾವ ಪಾಲಿಯೋಲ್ ಅನ್ನುವುದು ಮುಖ್ಯ

ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಸಕ್ಕರೆಯ ಗ್ಲೈಸೀಮಿಕ್ ಇಂಡೆಕ್ಸ್, ಅಂದರೆ ತಿಂದದ್ದು ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಅನ್ನುವ ಅಳತೆ, ಸುಮಾರು 65. ಮಾಲ್ಟಿಟಾಲ್‌ದು ಸುಮಾರು 35, ಅದರ ಸಿರಪ್ ಆದರೆ 50ರ ಆಸುಪಾಸು. ಸಾರ್ಬಿಟಾಲ್, ಜೈಲಿಟಾಲ್ ಹತ್ತರ ಹತ್ತಿರ. ಎರಿಥ್ರಿಟಾಲ್ ಸೊನ್ನೆ.

ಮಾಲ್ಟಿಟಾಲ್ ರುಚಿಯಲ್ಲಿ, ಪಾಕ ಹಿಡಿಯುವುದರಲ್ಲಿ ಸಕ್ಕರೆಗೆ ಬಹಳ ಹತ್ತಿರ. ಅದಕ್ಕೇ ಚಾಕೊಲೇಟ್ ಮಾಡುವವರಿಗೆ, ಸ್ವೀಟ್ ಮಾಡುವವರಿಗೆ ಇಷ್ಟ. ಸಕ್ಕರೆ ಕಾಯಿಲೆಯವರಿಗೆ ಈ ಗುಂಪಿನಲ್ಲಿ ಅತಿ ಕಡಿಮೆ ಲಾಭ ಕೊಡುವುದೂ ಅದೇ. ನನ್ನನ್ನು ಕೇಳಿದರೆ, ಪಟ್ಟಿಯಲ್ಲಿ ಮಾಲ್ಟಿಟಾಲ್ ಸಿರಪ್ ಮೊದಲಿಗೆ ಇದ್ದರೆ ಅದನ್ನು ಶುಗರ್ ಫ್ರೀ ಅಂತ ತಿನ್ನಬೇಡಿ, ಅರ್ಧ ಸಕ್ಕರೆ ಹಾಕಿದ ಸಿಹಿ ಅಂತಲೇ ತಿನ್ನಿ.

ಎರಿಥ್ರಿಟಾಲ್ ಕ್ಯಾಲರಿಯಲ್ಲಿ ತೀರಾ ಕಮ್ಮಿ, ಗ್ರಾಂಗೆ 0.2. ತಿಂದದ್ದರಲ್ಲಿ ಹೆಚ್ಚಿನ ಪಾಲು ಸಣ್ಣ ಕರುಳಿನಲ್ಲೇ ಹೀರಿಕೊಂಡು, ಬದಲಾಗದೆ ಮೂತ್ರದಲ್ಲಿ ಹೋಗಿಬಿಡುತ್ತದೆ. 2023ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರ ಒಂದು ಅಧ್ಯಯನ ಬಂತು. ರಕ್ತದಲ್ಲಿ ಎರಿಥ್ರಿಟಾಲ್ ಜಾಸ್ತಿ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಜಾಸ್ತಿ ಕಂಡಿತು ಅಂತ. ಮರುವರ್ಷ ಜೈಲಿಟಾಲ್ ಬಗ್ಗೆಯೂ ಅಂಥದ್ದೇ ವರದಿ ಬಂತು. ನಮ್ಮ ದೇಹವೂ ಸ್ವಲ್ಪ ಎರಿಥ್ರಿಟಾಲ್ ತಾನೇ ತಯಾರಿಸುತ್ತದೆ, ಆದ್ದರಿಂದ ತಿಂದದ್ದರಿಂದಲೇ ತೊಂದರೆಯಾಯಿತು ಅಂತ ಇದರಿಂದ ಸಾಬೀತಾಗುವುದಿಲ್ಲ. ಆದರೂ ಹೃದಯದ ತೊಂದರೆ ಇರುವವರು ದಿನಾ ಚಮಚಗಟ್ಟಲೆ ಸುರಿದುಕೊಳ್ಳುವ ಮೊದಲು ಡಾಕ್ಟರ ಹತ್ತಿರ ಒಂದು ಮಾತು ಕೇಳುವುದು ಒಳ್ಳೆಯದು.

ಜೈಲಿಟಾಲ್ ಸಿಹಿಯಲ್ಲಿ ಸಕ್ಕರೆಗೆ ಸಮ. ಹಲ್ಲು ಹುಳುಕು ಮಾಡುವ ಬ್ಯಾಕ್ಟೀರಿಯಾಕ್ಕೆ ಇದನ್ನು ಹುಳಿಸಿ ಆಮ್ಲ ಮಾಡಲು ಬರುವುದಿಲ್ಲ, ಅದಕ್ಕೇ ಚ್ಯೂಯಿಂಗ್ ಗಮ್‌ನಲ್ಲಿ ಇದು ಜಾಸ್ತಿ.

ಡಯಾಬಿಟಿಸ್ ಡಾಕ್ಟರುಗಳು 'ಪಾಲಿಯೋಲ್ ಪಾತ್‌ವೇ' ಅನ್ನುವ ಮಾತು ಆಡುವುದನ್ನು ಕೇಳಿದ್ದರೆ ಗಾಬರಿಯಾಗಬೇಡಿ. ರಕ್ತದಲ್ಲಿ ಗ್ಲೂಕೋಸ್ ಬಹಳ ದಿನ ಏರಿಯೇ ಇದ್ದರೆ ಕಣ್ಣಿನ ಮಸೂರದಲ್ಲಿ, ನರಗಳಲ್ಲಿ ಅದು ಸಾರ್ಬಿಟಾಲ್ ಆಗಿ ಬದಲಾಗಿ ಅಲ್ಲೇ ಉಳಿದು ಹಾನಿ ಮಾಡುತ್ತದೆ. ಅದು ದೇಹದ ಒಳಗೆ, ನಮ್ಮದೇ ಗ್ಲೂಕೋಸ್‌ನಿಂದ ಆಗುವ ಕೆಲಸ. ತಿಂದ ಸಾರ್ಬಿಟಾಲ್ ಲಿವರಿಗೆ ಹೋಗಿ ಫ್ರಕ್ಟೋಸ್ ಆಗುತ್ತದೆ.

ಹೊಟ್ಟೆಯನ್ನು ಕೇಳಿ

ಡಬ್ಬಿಯ ಹಿಂಬದಿಯಲ್ಲಿ "ಪಾಲಿಯೋಲ್‌ಗಳಿಂದ ಭೇದಿ ಆಗಬಹುದು" ಅನ್ನುವ ಅರ್ಥದ ಒಂದು ಎಚ್ಚರಿಕೆ ಕಂಡರೆ ಅದು ಸುಮ್ನೆ ಬರೆದದ್ದಲ್ಲ. ತಿಂಡಿಯಲ್ಲಿ ನೂರಕ್ಕೆ ಹತ್ತು ಪಾಲು ಅಥವಾ ಅದಕ್ಕಿಂತ ಜಾಸ್ತಿ ಪಾಲಿಯೋಲ್ ಇದ್ದರೆ ಆ ಸಾಲು ಹಾಕಲೇಬೇಕು. ಕಾರಣ ಸರಳ. ಪಾಲಿಯೋಲ್ ಸಣ್ಣ ಕರುಳಿನಲ್ಲಿ ಪೂರ್ತಿ ಹೀರುವುದಿಲ್ಲ. ಉಳಿದದ್ದು ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ದೊಡ್ಡ ಕರುಳಿಗೆ ಹೋದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸಿ ಗ್ಯಾಸ್ ಮಾಡುತ್ತವೆ. ಹೊಟ್ಟೆ ಉಬ್ಬರ, ಗುಡುಗುಡು, ಆಮೇಲೆ ಓಟ.

ಅಮೆರಿಕದಲ್ಲಿ ದಿನಕ್ಕೆ 20 ಗ್ರಾಂ ಮ್ಯಾನಿಟಾಲ್ ಅಥವಾ 50 ಗ್ರಾಂ ಸಾರ್ಬಿಟಾಲ್ ದೇಹಕ್ಕೆ ಸೇರಬಹುದಾದ ತಿಂಡಿಗೆ ಇಂಥ ಎಚ್ಚರಿಕೆ ಹಾಕುತ್ತಾರೆ. ಆದರೆ ಎಷ್ಟೋ ಜನರಿಗೆ 10 ಗ್ರಾಂ ಸಾರ್ಬಿಟಾಲೇ ಸಾಕು. ಹೊಸದಾಗಿ ಶುರು ಮಾಡುವವರು ಮೊದಲ ದಿನ ಒಂದೇ ಪೀಸು, ಅದೂ ಊಟದ ಜೊತೆ ತಿಂದು ನೋಡಿ. ಖಾಲಿ ಹೊಟ್ಟೆಗೆ ಬೇಡ. ಬೆಂಗಳೂರು ಬಸ್ ಹತ್ತುವ ಮುಂಚೆಯಂತೂ ಬೇಡವೇ ಬೇಡ. ಮಕ್ಕಳಿಗೆ ಶುಗರ್ ಫ್ರೀ ಮಿಠಾಯಿಯ ಪೂರ್ತಿ ಪ್ಯಾಕೆಟ್ ಕೈಗೆ ಕೊಡಬೇಡಿ, ಚಿಕ್ಕ ದೇಹಕ್ಕೆ ಅಷ್ಟೇ ಗ್ರಾಂ ಜಾಸ್ತಿ ಆಗುತ್ತದೆ. ಐಬಿಎಸ್ (ಆಗಾಗ ಹೊಟ್ಟೆನೋವು, ಭೇದಿ ಅಥವಾ ಮಲಬದ್ಧತೆ ಕಾಡುವ ಕರುಳಿನ ತೊಂದರೆ) ಇರುವವರು ಸಾರ್ಬಿಟಾಲ್, ಮ್ಯಾನಿಟಾಲ್, ಮಾಲ್ಟಿಟಾಲ್‌ಗಳಿಂದ ದೂರ ಇರುವುದೇ ವಾಸಿ. ಹುಟ್ಟಿನಿಂದಲೇ ಫ್ರಕ್ಟೋಸ್ ಒಗ್ಗದ ಅಪರೂಪದ ಕಾಯಿಲೆ ಇರುವವರು ಸಾರ್ಬಿಟಾಲ್ ಮುಟ್ಟಲೇಬಾರದು.

ಸಕ್ಕರೆಯ ಮೇಲೆ ಇದರ ಪರಿಣಾಮ ಗೊತ್ತಾಗಬೇಕಾದರೆ ಗ್ಲೂಕೋಮೀಟರ್ ಇರುವವರಿಗೆ ಸುಲಭ. ತಿನ್ನುವ ಮುಂಚೆ ಒಂದು ಸಲ, ಎರಡು ಗಂಟೆ ಬಿಟ್ಟು ಒಂದು ಸಲ ಚುಚ್ಚಿ ನೋಡಿ ಬರೆದಿಡಿ. ಇಂಟರ್ನೆಟ್‌ನ ಯಾವ ಪಟ್ಟಿಗಿಂತಲೂ ನಿಮ್ಮ ಮೈಯ ಅಂಕಿಯೇ ನಿಮಗೆ ಸರಿ.

ಮನೆಯಲ್ಲಿ ಅಡುಗೆಗೆ ಬಳಸುವುದಾದರೆ

ಕಾಫಿಯಿಂದ ಶುರು ಮಾಡಿ, ಅಲ್ಲಿ ತಪ್ಪಾಗುವುದಿಲ್ಲ. ಎರಿಥ್ರಿಟಾಲ್‌ನ ಸಿಹಿ ಸಕ್ಕರೆಯ ಮುಕ್ಕಾಲಿಗಿಂತ ಸ್ವಲ್ಪ ಕಮ್ಮಿ. ಒಂದು ಚಮಚ ಸಕ್ಕರೆ ಹಾಕುವವರು ಒಂದೂವರೆ ಚಮಚ ಹಾಕಿಕೊಳ್ಳಬೇಕು.

ಇದರ ಪುಡಿಯನ್ನು ಹಾಗೇ ನಾಲಿಗೆಗೆ ಹಾಕಿಕೊಂಡರೆ ಪೆಪ್ಪರ್‌ಮಿಂಟ್ ತಿಂದ ಹಾಗೆ ತಣ್ಣಗಾಗುತ್ತದೆ. ಹರಳು ಕರಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದರಿಂದ ಹೀಗೆ. ಕಾಫಿಯಲ್ಲಿ ಅದು ಮೊದಲೇ ಕರಗಿರುವುದರಿಂದ ಆ ತಣ್ಣನೆ ಗೊತ್ತಾಗುವುದಿಲ್ಲ. ಆದರೆ ರವೆಉಂಡೆಯಲ್ಲಿ, ಒಣ ಬರ್ಫಿಯಲ್ಲಿ ಹರಳು ಹಾಗೇ ಉಳಿದಿರುತ್ತದೆ, ತುಪ್ಪ ಏಲಕ್ಕಿಯ ಮಧ್ಯೆ ಬಾಯಿ ತಣ್ಣಗಾಗುವುದು ಯಾರಿಗೂ ಹಿಡಿಸುವುದಿಲ್ಲ. ಪಾಯಸಕ್ಕಾದರೆ ಒಲೆ ಆರಿಸಿದ ಮೇಲೆ ಹಾಕಿ ಕಲಸಿ, ಬಿಸಿ ಇರುವಾಗಲೇ ಬಡಿಸಿ. ಫ್ರಿಜ್‌ನಲ್ಲಿಟ್ಟರೆ ತಳದಲ್ಲಿ ಮರಳು ಮರಳಾಗುತ್ತದೆ, ಏಕೆಂದರೆ ಎರಿಥ್ರಿಟಾಲ್ ತಣ್ಣನೆಯ ನೀರಿನಲ್ಲಿ ಸಕ್ಕರೆಯಷ್ಟು ಕರಗುವುದಿಲ್ಲ.

ಮೈಸೂರು ಪಾಕ್ ಮಾಡಲು ಹೋಗಬೇಡಿ ಅಂತ ನೇರವಾಗಿ ಹೇಳುತ್ತೇನೆ. ಆ ಸಿಹಿಯ ಜೀವ ಇರುವುದೇ ಒಂದೆಳೆ ಪಾಕದಲ್ಲಿ. ಎರಿಥ್ರಿಟಾಲ್ ನೀರಲ್ಲಿ ಕುದಿಸಿದರೆ ಎಳೆ ಬರುವುದಿಲ್ಲ. ಬೆರಳ ಮಧ್ಯೆ ಹಿಡಿದು ನೋಡಿದರೆ ನೀರು ನೀರಾಗಿಯೇ ಇರುತ್ತದೆ, ಆರಿದ ಕೂಡಲೇ ಬೆಳ್ಳಗೆ ಹರಳು ಕಟ್ಟುತ್ತದೆ. ಅಂಗಡಿಯವರು ಮಾಲ್ಟಿಟಾಲ್‌ನಲ್ಲಿ ಹೇಗೋ ನಿಭಾಯಿಸುತ್ತಾರೆ. ಮನೆಯಲ್ಲಿ ಕಡಲೆಹಿಟ್ಟು, ತುಪ್ಪ ದಂಡ. ಆಸೆಯಾದರೆ ಸಕ್ಕರೆಯದ್ದೇ ಒಂದು ಚಿಕ್ಕ ತುಂಡು ಊಟದ ಲೆಕ್ಕದಲ್ಲಿ ಸೇರಿಸಿ ತಿನ್ನಿ.

ಇನ್ನು ಬೇಕಿಂಗ್ ಮಾಡುವವರಿಗೆ ಎರಡು ಮಾತು. ಪಾಲಿಯೋಲ್ ಸಕ್ಕರೆಯ ಹಾಗೆ ಕಂದುಬಣ್ಣಕ್ಕೆ ತಿರುಗುವುದಿಲ್ಲ. ಕೇಕ್ ಬೆಂದಿದ್ದರೂ ಬಿಳಚಿಕೊಂಡೇ ಇರುತ್ತದೆ, ಬಣ್ಣ ನೋಡಿ ಓವನ್‌ನಲ್ಲಿ ಬಿಟ್ಟರೆ ಒಣಗಿ ಹೋಗುತ್ತದೆ. ಬನ್ನು, ಬ್ರೆಡ್ಡಿಗೆ ಹಾಕುವ ಯೀಸ್ಟ್ ಇದನ್ನು ತಿನ್ನುವುದಿಲ್ಲ, ಹಿಟ್ಟು ಉಬ್ಬಲು ಒಂದು ಚಿಟಿಕೆ ನಿಜವಾದ ಸಕ್ಕರೆ ಬೇಕಾಗಬಹುದು.

ಡಬ್ಬಿ ಇಲ್ಲದ ಬಿಡಿ ಸಿಹಿ ಕೊಳ್ಳುವಾಗ

ಸ್ವೀಟ್ ಅಂಗಡಿಯ ಗಾಜಿನ ಹಿಂದೆ ಇರುವ ಶುಗರ್ ಫ್ರೀ ತಟ್ಟೆಗೆ ಹಿಂಬದಿಯ ಸಾಲು ಇರುವುದಿಲ್ಲ. ಬಾಯಿಬಿಟ್ಟು ಕೇಳಬೇಕು.

"ಅಣ್ಣ, ಇದಕ್ಕೆ ಸಕ್ಕರೆ ಬದಲು ಏನು ಹಾಕ್ತೀರಾ?"

"ಏನೂ ಇಲ್ಲ ಸಾರ್, ಬರೀ ಖರ್ಜೂರ, ಅಂಜೂರ. ಶುಗರ್ ಇರೋರು ಧಾರಾಳವಾಗಿ ತಿನ್ನಬಹುದು."

ಈ ಉತ್ತರ ಬಂದರೆ ಅಲ್ಲಿ ಪಾಲಿಯೋಲೂ ಇಲ್ಲ, ಶುಗರ್ ಫ್ರೀಯೂ ಇಲ್ಲ. ಒಣ ಖರ್ಜೂರದ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆಯೇ. ಬೆಲ್ಲ ಹಾಕಿದ್ದೇವೆ ಅಂದರೂ ಅಷ್ಟೇ. ಮಂಡ್ಯದ ಆಲೆಮನೆ ಬೆಲ್ಲದ ರುಚಿಗೆ ಸಾಟಿಯಿಲ್ಲ, ಆದರೆ ಅದರಲ್ಲೂ ಬಹುಪಾಲು ಇರುವುದು ಕಬ್ಬಿನ ಸುಕ್ರೋಸೇ. ರಕ್ತಕ್ಕೆ ಹೋದ ಮೇಲೆ ಅದು ಬಿಳಿ ಸಕ್ಕರೆಯ ಹಾಗೇ ಏರುತ್ತದೆ. ಬೆಲ್ಲದ ಕಾಫಿ ಕುಡಿದು ಸಕ್ಕರೆ ಬಿಟ್ಟಿದ್ದೇನೆ ಅನ್ನುವವರು ನಮ್ಮ ಕಡೆ ಎಷ್ಟು ಜನ!

'ಶುಗರ್ ಫ್ರೀ ಪುಡಿ ಹಾಕ್ತೀವಿ' ಅಂದರೆ ಪುಡಿಯ ಪ್ಯಾಕೆಟ್ ತೋರಿಸಲು ಕೇಳಿ. ತೋರಿಸುವ ಅಂಗಡಿಯಲ್ಲೇ ಕೊಳ್ಳಿ.

ಇದೇ ಪದ ಬೇರೆ ಕಡೆ ಸಿಕ್ಕರೆ

ಟೂತ್‌ಪೇಸ್ಟ್ ಟ್ಯೂಬಿನ ಮೇಲೆ ಸಾರ್ಬಿಟಾಲ್ ಇರುವುದು ಪೇಸ್ಟ್ ಒಣಗದೆ ಇರಲಿ, ಸ್ವಲ್ಪ ಸಿಹಿಯೂ ಇರಲಿ ಅಂತ. ಸಕ್ಕರೆ ಇಲ್ಲದ ಕೆಮ್ಮಿನ ಸಿರಪ್ಪಿನಲ್ಲೂ ಅದೇ ಇರುತ್ತದೆ, ಆದ್ದರಿಂದ ಸಿರಪ್ ಕುಡಿದ ಮೇಲೆ ಹೊಟ್ಟೆ ಸಡಿಲವಾದರೆ ಆಶ್ಚರ್ಯವಿಲ್ಲ. ಆಸ್ಪತ್ರೆಯಲ್ಲಿ ಮೆದುಳಿನ ಊತ ಇಳಿಸಲು ಡ್ರಿಪ್‌ನಲ್ಲಿ ಕೊಡುವ ಮ್ಯಾನಿಟಾಲ್ ಕೂಡ ಇದೇ ಗುಂಪಿನದು. ನೀರು ಎಳೆಯುವ ಅದೇ ಗುಣ ಅಲ್ಲಿ ಔಷಧಿಯಾಗುತ್ತದೆ. ತಣ್ಣಗಿದ್ದರೆ ಆ ಬಾಟಲಿಯಲ್ಲಿ ಹರಳು ಕಟ್ಟುತ್ತದೆ, ಬೆಚ್ಚಗೆ ಮಾಡಿ ಹರಳು ಕರಗಿಸಿ ಹಾಕುತ್ತಾರೆ. ಫೋಮ್ ಹಾಸಿಗೆ ಮಾಡುವವರು 'ಪಾಲಿಯೋಲ್ ಡ್ರಮ್' ಅಂದರೆ ಅದು ತಿನ್ನುವುದಲ್ಲ. ಐಸೊಸಯನೇಟ್ ಜೊತೆ ಬೆರೆಸಿ ಪಾಲಿಯುರೆಥೇನ್ ಫೋಮ್ ಮಾಡುವ ಕಚ್ಚಾವಸ್ತು.

ಹೆಸರಿನಲ್ಲಿ ಹತ್ತಿರ ಇದ್ದು ಪ್ರಾಣಕ್ಕೇ ಕುತ್ತು ತರುವ ಇಬ್ಬರು ನೆಂಟರು ಇದ್ದಾರೆ: ಎಥಿಲೀನ್ ಗ್ಲೈಕಾಲ್, ಡೈಎಥಿಲೀನ್ ಗ್ಲೈಕಾಲ್. ಮೊದಲನೆಯದು ಕಾರಿನ ಕೂಲೆಂಟ್‌ನಲ್ಲಿ ಇರುತ್ತದೆ. ರುಚಿ ಸಿಹಿ, ಮೈಯೊಳಗೆ ಆಕ್ಸಾಲಿಕ್ ಆಮ್ಲವಾಗಿ ಕಿಡ್ನಿಯನ್ನು ಕೆಡಿಸುತ್ತದೆ. ಎರಡನೆಯದನ್ನು ದ್ರಾವಕವಾಗಿ ಬಳಸಿದ ಒಂದು ಔಷಧಿಯಿಂದ 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. 2022ರಲ್ಲಿ ಗ್ಯಾಂಬಿಯಾ ದೇಶದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಕಿಡ್ನಿ ಕೆಟ್ಟು ತೀರಿಕೊಂಡಾಗಲೂ ಆ ಸಿರಪ್‌ಗಳಲ್ಲಿ ಸಿಕ್ಕಿದ್ದು ಈ ಎರಡೇ. ಔಷಧಿಗೆ ಹಾಕುವ ಗ್ಲಿಸರಿನ್, ಸಾರ್ಬಿಟಾಲ್ ದ್ರಾವಣಗಳನ್ನು ಈ ವಿಷಗಳಿಗಾಗಿ ಪರೀಕ್ಷಿಸಬೇಕಾಗಿರುವುದು ಇದಕ್ಕೇ. ಮನೆಯ ಮಟ್ಟಿಗೆ ನಾವು ಮಾಡಬೇಕಾದದ್ದು: ಚಿಕ್ಕ ಮಕ್ಕಳಿಗೆ ಡಾಕ್ಟರು ಬರೆಯದ ಸಿರಪ್ ಹಾಕಬೇಡಿ, ಕೂಲೆಂಟನ್ನು ಯಾವತ್ತೂ ನೀರಿನ ಬಾಟಲಿಗೆ ಸುರಿದಿಡಬೇಡಿ.

ಪುಡಿಯ ಡಬ್ಬಕ್ಕೆ ಹೆಸರು ಅಂಟಿಸಿ

ಎರಿಥ್ರಿಟಾಲ್, ಜೈಲಿಟಾಲ್ ಎರಡೂ ನೋಡಲು ಥೇಟ್ ಸಕ್ಕರೆ. ಅಡುಗೆಮನೆಯಲ್ಲಿ ಹೆಸರಿಲ್ಲದ ಡಬ್ಬದಲ್ಲಿ ಇಟ್ಟರೆ ಒಂದಲ್ಲ ಒಂದು ದಿನ ಅದಲುಬದಲಾಗುತ್ತದೆ. ಅಪಾಯ ಎಲ್ಲಿ ಅಂದರೆ, ಮನೆಯಲ್ಲಿ ಶುಗರ್ ಇರುವವರಿಗೆ ಸಕ್ಕರೆ 70ಕ್ಕಿಂತ ಕೆಳಗೆ ಇಳಿದು ಬೆವರು, ನಡುಕ ಶುರುವಾದಾಗ. ಆಗ ತಕ್ಷಣ ಬೇಕಾಗಿರುವುದು ನಿಜವಾದ ಸಕ್ಕರೆ, 15 ಗ್ರಾಂ ಅಂದರೆ ಮೂರು ಟೀ ಚಮಚ, ನೀರಿನಲ್ಲಿ ಕರಗಿಸಿ. ಇಲ್ಲವೇ ಗ್ಲೂಕೋಸ್ ಪುಡಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿ, ಏರಿಲ್ಲದಿದ್ದರೆ ಇನ್ನೊಂದು ಸಲ ಕೊಡಿ. ಪಾಲಿಯೋಲ್ ಪುಡಿ ಕರಗಿಸಿ ಕುಡಿಸಿದರೆ ಏನೂ ಉಪಯೋಗವಾಗುವುದಿಲ್ಲ, ಸಮಯ ಹೋಗುತ್ತದೆ. ಶುಗರ್ ಫ್ರೀ ಚಾಕೊಲೇಟೂ ಅಷ್ಟೇ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಾಯಿ ಸಾಕಿದವರ ಮನೆಯಲ್ಲಿ ಜೈಲಿಟಾಲ್ ಬೇಡ. ಮನುಷ್ಯರಲ್ಲಿ ಹೀಗೆ ಮಾಡದ ಅದು ನಾಯಿಯ ಮೈಯಲ್ಲಿ ಇನ್ಸುಲಿನ್ ಅನ್ನು ಒಮ್ಮೆಲೇ ಬಿಡಿಸಿ ಸಕ್ಕರೆಯನ್ನು ಪಾತಾಳಕ್ಕೆ ಇಳಿಸುತ್ತದೆ, ಲಿವರನ್ನೂ ಕೆಡಿಸಬಹುದು. ಚಿಕ್ಕ ನಾಯಿಗೆ ಒಂದೆರಡು ಚ್ಯೂಯಿಂಗ್ ಗಮ್ ಸಾಕು. ತಿಂದದ್ದು ಗೊತ್ತಾದರೆ ಲಕ್ಷಣ ಕಾಣಲಿ ಅಂತ ಕಾಯದೆ, ಪ್ಯಾಕೆಟನ್ನೂ ಕೈಯಲ್ಲಿ ಹಿಡಿದುಕೊಂಡೇ ಪಶುವೈದ್ಯರ ಹತ್ತಿರ ಹೋಗಿ.